ಹಣ ಕೊಡುವ ಮುನ್ನ ಪರವಾನಗಿ, ತೊಂದರೆಯಾದಾಗ ದೂರು: ಹಣಕಾಸು ಗ್ರಾಹಕರಿಗೆ ಇರುವ ರಕ್ಷಣೆ

ಭಾರತದಲ್ಲಿ ಹಣಕಾಸು ಸೇವೆಗಳೆಲ್ಲದರ ಮೇಲೆ ಕಣ್ಣಿಡುವ ಒಂದೇ ಸಂಸ್ಥೆ ಇಲ್ಲ. ಬ್ಯಾಂಕು, ಸಾಲ ಕೊಡುವ ಹಣಕಾಸು ಕಂಪನಿ, ಮೊಬೈಲ್ ಪಾವತಿ ಇವೆಲ್ಲ ಭಾರತೀಯ ರಿಸರ್ವ್ ಬ್ಯಾಂಕಿನ ಅಧೀನ. ಷೇರು, ಮ್ಯೂಚುವಲ್ ಫಂಡ್, ಹೂಡಿಕೆ ಸಲಹೆ ಸೆಬಿಗೆ ಸೇರಿದವು. ವಿಮೆಯನ್ನು ಹೈದರಾಬಾದಿನಲ್ಲಿರುವ ಐಆರ್‌ಡಿಎಐ ನೋಡಿಕೊಳ್ಳುತ್ತದೆ, ರಾಷ್ಟ್ರೀಯ ಪಿಂಚಣಿ ಯೋಜನೆಯನ್ನು ಪಿಎಫ್‌ಆರ್‌ಡಿಎ. ಅಂಚೆ ಕಚೇರಿಯ ಉಳಿತಾಯಕ್ಕೆ ಕೇಂದ್ರ ಸರ್ಕಾರವೇ ಹೊಣೆ. ಚೀಟಿ ವ್ಯವಹಾರ, ಪತ್ತಿನ ಸಹಕಾರ ಸಂಘ, ಲೇವಾದೇವಿ ಈ ಮೂರೂ ಕರ್ನಾಟಕದಲ್ಲಿ ರಾಜ್ಯದ ಸಹಕಾರ ಇಲಾಖೆಯ ವ್ಯಾಪ್ತಿಗೆ ಬರುತ್ತವೆ.

ಯಾವುದೇ ತಾಲ್ಲೂಕು ಕೇಂದ್ರದ ಪೇಟೆ ಬೀದಿಯಲ್ಲಿ ಬ್ಯಾಂಕಿನ ಶಾಖೆ, ಸೌಹಾರ್ದ ಸಹಕಾರಿಯ ಕಚೇರಿ, ಚಿನ್ನದ ಸಾಲದ ಕಂಪನಿ, ಚೀಟಿ ಕಂಪನಿ ಅಕ್ಕಪಕ್ಕದಲ್ಲೇ ಇರುತ್ತವೆ. ಎಲ್ಲ ಕಡೆಯೂ ಕೌಂಟರು, ರಸೀದಿ, ಪುಸ್ತಕ ಇರುತ್ತವೆ. ನೋಡಲು ಒಂದೇ ಬಗೆಯಾದರೂ ಅಲ್ಲಿ ಇಟ್ಟ ಒಂದು ಲಕ್ಷ ರೂಪಾಯಿಗೆ ಸಿಗುವ ಕಾನೂನಿನ ರಕ್ಷಣೆ ಒಂದೊಂದು ಕಡೆ ಒಂದೊಂದು ತೆರ. ಒಂದು ಕಡೆ ಸಂಸ್ಥೆ ಮುಳುಗಿದರೂ ಹಣ ಬರುತ್ತದೆ, ಇನ್ನೊಂದು ಕಡೆ ನ್ಯಾಯಾಲಯ ಆಸ್ತಿ ಹರಾಜು ಹಾಕುವವರೆಗೆ ಕಾಯಬೇಕಾಗುತ್ತದೆ. ಹಾಗಾಗಿ ಬಡ್ಡಿ ಎಷ್ಟು ಎಂದು ವಿಚಾರಿಸುವ ಮೊದಲೇ ಈ ಸಂಸ್ಥೆಗೆ ಪರವಾನಗಿ ಕೊಟ್ಟವರು ಯಾರು ಎಂದು ವಿಚಾರಿಸಬೇಕು. ತೊಂದರೆಯಾದಾಗ ದೂರು ಎಲ್ಲಿಗೆ ಹೋಗುತ್ತದೆ, ಎಷ್ಟು ದಿನದೊಳಗೆ ಉತ್ತರ ಬರಬೇಕು, ಎಷ್ಟು ಪರಿಹಾರ ಸಿಗುತ್ತದೆ ಎಂಬುದೆಲ್ಲ ಆ ಒಂದು ಉತ್ತರದ ಮೇಲೆ ನಿಂತಿದೆ.

ನಿಯಂತ್ರಕರು ಮಾಡುವುದೇನು?

ಅಂಗಡಿಯಲ್ಲಿ ಕೊಂಡ ಸಾಮಾನು ಕೆಟ್ಟಿದ್ದರೆ ಮನೆಗೆ ತಂದ ದಿನವೇ ಗೊತ್ತಾಗುತ್ತದೆ. ಹಣಕಾಸು ಸೇವೆಯ ದೋಷ ಬಯಲಾಗುವುದು ವರ್ಷಗಳ ನಂತರ: ಠೇವಣಿಯ ಅವಧಿ ಮುಗಿದಾಗ, ವಿಮೆಯ ಕ್ಲೇಮು ಹಾಕಿದಾಗ, ಸಾಲ ತೀರಿಸಿ ಮನೆಪತ್ರ ಕೇಳಿದಾಗ. ಅಷ್ಟರಲ್ಲಿ ಹಣ ಕೈಬಿಟ್ಟು ಹೋಗಿರುತ್ತದೆ. ಆದ್ದರಿಂದಲೇ ಈ ಕ್ಷೇತ್ರದಲ್ಲಿ ಕಾನೂನು ತಪ್ಪು ನಡೆಯುವವರೆಗೆ ಕಾಯುವುದಿಲ್ಲ.

ರಿಸರ್ವ್ ಬ್ಯಾಂಕ್ 1934ರ ಕಾಯ್ದೆಯಂತೆ 1935ರ ಏಪ್ರಿಲ್ 1ರಂದು ಆರಂಭವಾಯಿತು. ಬ್ಯಾಂಕುಗಳ ಮೇಲಿನ ಅದರ ಹಿಡಿತಕ್ಕೆ ಆಧಾರ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ. ಪರವಾನಗಿಯಿಲ್ಲದೆ ಯಾರೂ ಬ್ಯಾಂಕು ನಡೆಸುವಂತಿಲ್ಲ. ಪರವಾನಗಿ ಸಿಕ್ಕ ಮೇಲೂ ವಾಣಿಜ್ಯ ಬ್ಯಾಂಕು ಕೊಟ್ಟ ಸಾಲಗಳನ್ನು ಅಪಾಯಕ್ಕೆ ತಕ್ಕಂತೆ ಲೆಕ್ಕ ಹಾಕಿ ಪ್ರತಿ 100 ರೂಪಾಯಿಗೆ ಕನಿಷ್ಠ 9 ರೂಪಾಯಿ ಸ್ವಂತ ಬಂಡವಾಳ ಇಟ್ಟುಕೊಂಡಿರಬೇಕು. ಠೇವಣಿಯ ಒಂದು ಪಾಲನ್ನು ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಬೇಕು, ಇನ್ನೊಂದು ಪಾಲನ್ನು ರಿಸರ್ವ್ ಬ್ಯಾಂಕಿನಲ್ಲೇ ನಗದಾಗಿ ಇಡಬೇಕು. ಲೆಕ್ಕ ತಪಾಸಣೆಯಲ್ಲಿ ದೌರ್ಬಲ್ಯ ಕಂಡರೆ ಹೊಸ ಸಾಲಕ್ಕೆ, ಹೊಸ ಶಾಖೆಗೆ ತಡೆ ಬೀಳುತ್ತದೆ. ಪರಿಸ್ಥಿತಿ ಕೈಮೀರಿದರೆ ಠೇವಣಿ ಹಿಂಪಡೆಯುವುದಕ್ಕೇ ಮಿತಿ ಹಾಕಿ ನಿರ್ದೇಶನ ಹೊರಡುತ್ತದೆ.

ಸೆಬಿ 1988ರಲ್ಲಿ ಸ್ಥಾಪನೆಯಾಗಿ 1992ರಲ್ಲಿ ಕಾಯ್ದೆಯ ಬಲ ಪಡೆಯಿತು. ಐಆರ್‌ಡಿಎಐ 1999ರ ಕಾಯ್ದೆಯ ಸಂಸ್ಥೆ, ಪಿಎಫ್‌ಆರ್‌ಡಿಎ 2013ರ ಕಾಯ್ದೆಯದು. ಇವುಗಳಲ್ಲಿ ನೋಂದಣಿಯಾದ ಸಂಸ್ಥೆ ನಷ್ಟವನ್ನೇ ಅನುಭವಿಸುವುದಿಲ್ಲ ಎಂದು ಯಾರೂ ಖಾತರಿ ಕೊಡುವುದಿಲ್ಲ. ನೋಂದಣಿಯಿಂದ ಸಿಗುವುದು ಎರಡು ಸಂಗತಿ: ಸಂಸ್ಥೆಯ ಲೆಕ್ಕವನ್ನು ಹೊರಗಿನವರೊಬ್ಬರು ನೋಡುತ್ತಿರುತ್ತಾರೆ, ಗ್ರಾಹಕರಿಗೆ ದೂರು ಕೊಡಲು ಒಂದು ಜಾಗ ಇರುತ್ತದೆ.

ಠೇವಣಿಗೆ ಐದು ಲಕ್ಷದ ವಿಮೆ

ಬ್ಯಾಂಕಿನಲ್ಲಿಟ್ಟ ಹಣಕ್ಕೆ ಡಿಐಸಿಜಿಸಿ ಎಂಬ ನಿಗಮ ವಿಮೆ ಕೊಡುತ್ತದೆ. ಇದು ರಿಸರ್ವ್ ಬ್ಯಾಂಕಿನದೇ ಅಂಗಸಂಸ್ಥೆ. ಠೇವಣಿ ವಿಮೆ 1962ರಲ್ಲಿ ಶುರುವಾದಾಗ ಮಿತಿ 1,500 ರೂಪಾಯಿ ಇತ್ತು. 1993ರಿಂದ ಒಂದು ಲಕ್ಷವಾಗಿದ್ದದ್ದು 2020ರ ಫೆಬ್ರುವರಿ 4ರಿಂದ ಐದು ಲಕ್ಷಕ್ಕೇರಿತು. ಪ್ರೀಮಿಯಂ ಕಟ್ಟುವುದು ಬ್ಯಾಂಕು. ಗ್ರಾಹಕರು ಅರ್ಜಿ ಹಾಕಬೇಕಿಲ್ಲ, ಹಣ ಕೊಡಬೇಕಿಲ್ಲ.

ಈ ಐದು ಲಕ್ಷದ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಮಿತಿ ಅಸಲು ಮತ್ತು ಬಡ್ಡಿ ಎರಡಕ್ಕೂ ಸೇರಿ. ಒಂದೇ ಬ್ಯಾಂಕಿನ ಜಯನಗರ ಶಾಖೆಯಲ್ಲಿ ಮೂರು ಲಕ್ಷ, ಮಲ್ಲೇಶ್ವರ ಶಾಖೆಯಲ್ಲಿ ನಾಲ್ಕು ಲಕ್ಷ ಇದ್ದರೆ ಎರಡನ್ನೂ ಕೂಡಿ ಏಳು ಲಕ್ಷವೆಂದು ಎಣಿಸಿ ಐದು ಲಕ್ಷ ಮಾತ್ರ ಕೊಡಲಾಗುತ್ತದೆ. ಉಳಿತಾಯ ಖಾತೆ, ಎಫ್‌ಡಿ, ಆರ್‌ಡಿ ಎಲ್ಲವೂ ಒಂದೇ ಮೊತ್ತಕ್ಕೆ ಸೇರುತ್ತವೆ. ಅದೇ ಹಣ ಎರಡು ಬೇರೆ ಬೇರೆ ಬ್ಯಾಂಕುಗಳಲ್ಲಿದ್ದರೆ ಎರಡು ಕಡೆಯೂ ಪ್ರತ್ಯೇಕ ವಿಮೆ ಉಂಟು. ಗಂಡ ಹೆಂಡತಿಯ ಜಂಟಿ ಖಾತೆಯನ್ನು ಅವರವರ ಸ್ವಂತ ಖಾತೆಗಳಿಂದ ಬೇರೆಯಾಗಿಯೇ ಎಣಿಸುತ್ತಾರೆ. ನಿವೃತ್ತಿಯ ಇಡುಗಂಟನ್ನೆಲ್ಲ ಅರ್ಧ ಪರ್ಸೆಂಟು ಹೆಚ್ಚಿನ ಬಡ್ಡಿಗಾಗಿ ಒಂದೇ ಸಣ್ಣ ಬ್ಯಾಂಕಿನಲ್ಲಿಡುವವರು ಈ ಲೆಕ್ಕವನ್ನು ಮೊದಲೇ ಹಾಕಿ ನೋಡಬೇಕು.

ಬೆಂಗಳೂರಿನವರಿಗೆ ಇದು ಪುಸ್ತಕದ ಮಾತಲ್ಲ. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ಆಗಿನ ಕಾನೂನಿನಂತೆ ವಿಮೆಯ ಹಣ ಬರಬೇಕಾದರೆ ಬ್ಯಾಂಕು ಮುಚ್ಚಬೇಕಿತ್ತು. ಮುಚ್ಚದೆ, ನಡೆಯದೆ ನಿಂತ ಬ್ಯಾಂಕಿನ ಗ್ರಾಹಕರಿಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬ ಸ್ಥಿತಿ. 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಿಎಂಸಿ ಬ್ಯಾಂಕಿನ ಗ್ರಾಹಕರೂ ಇದೇ ಇಕ್ಕಟ್ಟಿಗೆ ಸಿಕ್ಕಿದ್ದರು. ಈ ಪ್ರಕರಣಗಳ ನಂತರ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಈಗ ಹಣ ಹಿಂಪಡೆಯಲು ನಿರ್ಬಂಧ ಬಿದ್ದ ದಿನದಿಂದ 90 ದಿನಗಳೊಳಗೆ ಐದು ಲಕ್ಷದವರೆಗಿನ ಮೊತ್ತ ಠೇವಣಿದಾರರಿಗೆ ಸೇರಬೇಕು. ಅದಕ್ಕಾಗಿ ಗುರುತಿನ ದಾಖಲೆ, ಒಪ್ಪಿಗೆ ಪತ್ರ, ಇನ್ನೊಂದು ಬ್ಯಾಂಕಿನ ಖಾತೆ ವಿವರಗಳನ್ನು ಶಾಖೆಗೆ ಕೊಡಬೇಕು. ಐದು ಲಕ್ಷ ಮೀರಿದ ಹಣಕ್ಕೆ ಈ ಗಡುವು ಇಲ್ಲ. ಅದು ಬ್ಯಾಂಕಿನ ಆಸ್ತಿಯಿಂದಲೇ ವಸೂಲಾಗಿ ಬರಬೇಕು. ಎಷ್ಟು ಬರುತ್ತದೆ, ಎಂದು ಬರುತ್ತದೆ ಎಂದು ಹೇಳುವವರಿಲ್ಲ.

ಲಾಕರಿಗೆ ಈ ವಿಮೆ ಅನ್ವಯಿಸುವುದಿಲ್ಲ. ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇವುಗಳಿಂದ ಒಡವೆ ಹೋದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ.

ಬ್ಯಾಂಕಲ್ಲದ ಕಡೆ ಇಟ್ಟ ಹಣ

ಸಹಕಾರ ಚಳವಳಿ ಕರ್ನಾಟಕದ ಮಣ್ಣಿನಲ್ಲೇ ಬೇರುಬಿಟ್ಟದ್ದು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ದೇಶದ ಮೊದಲ ಸಹಕಾರ ಸಂಘಗಳಲ್ಲಿ ಒಂದು. ಬ್ಯಾಂಕು ಹತ್ತಿರ ಸೇರಿಸದ ಎಷ್ಟೋ ಕುಟುಂಬಗಳಿಗೆ ಇಂಥ ಸಂಘಗಳೇ ಬೀಜ, ಗೊಬ್ಬರ, ಮದುವೆ, ಶಾಲೆಯ ಶುಲ್ಕಕ್ಕೆ ಹಣ ಒದಗಿಸಿವೆ. ಆದರೆ ಸಹಕಾರ ಬ್ಯಾಂಕು ಬೇರೆ, ಪತ್ತಿನ ಸಹಕಾರ ಸಂಘ ಬೇರೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವುದು ಮೊದಲಿನದಕ್ಕೆ, ಠೇವಣಿ ವಿಮೆಯೂ ಅದಕ್ಕೇ. ಪತ್ತಿನ ಸಂಘಗಳು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ, ಸೌಹಾರ್ದ ಸಹಕಾರಿಗಳು 1997ರ ಕಾಯ್ದೆಯಡಿ ನಡೆಯುತ್ತವೆ. ಅವುಗಳ ಠೇವಣಿಗೆ ವಿಮೆ ಇಲ್ಲ. ಸಂಘಗಳು ಹೆಸರಿನಲ್ಲಿ ‘ಬ್ಯಾಂಕ್’ ಎಂದು ಸೇರಿಸಿಕೊಳ್ಳುವುದು, ಸದಸ್ಯರಲ್ಲದವರಿಂದ ಠೇವಣಿ ಪಡೆಯುವುದು ನಿಯಮಕ್ಕೆ ವಿರುದ್ಧವೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಿದೆ.

ಸಂಘದಲ್ಲಿ ಹಣ ಇಡಬಾರದೆಂದು ಇದರ ಅರ್ಥವಲ್ಲ. ಸದಸ್ಯರಾದವರಿಗೆ ಅಲ್ಲಿ ಮಾಲೀಕರ ಹಕ್ಕು ಇದೆ. ವಾರ್ಷಿಕ ಮಹಾಸಭೆಗೆ ಹೋಗಿ ಲೆಕ್ಕಪರಿಶೋಧನಾ ವರದಿ ಕೇಳಬಹುದು, ಸುಸ್ತಿ ಸಾಲ ಎಷ್ಟು, ನಿರ್ದೇಶಕರ ಬಳಗಕ್ಕೆ ಕೊಟ್ಟ ಸಾಲ ಎಷ್ಟು ಎಂದು ವಿಚಾರಿಸಬಹುದು. ಈ ಹಕ್ಕನ್ನು ಬಳಸುವ ಸದಸ್ಯರಿರುವ ಸಂಘಗಳು ಉಳಿಯುತ್ತವೆ. ಮಹಾಸಭೆಯಲ್ಲಿ ಊಟ ಮುಗಿಸಿ ಸಹಿ ಹಾಕಿ ಬರುವ ಅಭ್ಯಾಸವೇ ಹಲವು ಸಂಘಗಳನ್ನು ಕೆಡಿಸಿದೆ. ವಿವಾದ ಬಂದರೆ 1959ರ ಕಾಯ್ದೆಯ 70ನೇ ಪ್ರಕರಣದಡಿ ಸಹಕಾರ ಸಂಘಗಳ ನಿಬಂಧಕರ ಮುಂದೆ ದಾವೆ ಹೂಡಬಹುದು.

ಚೀಟಿಯ ವಿಷಯದಲ್ಲಿ ನೋಂದಣಿಯೇ ಮುಖ್ಯ. 1982ರ ಚಿಟ್ ಫಂಡ್ ಕಾಯ್ದೆಯಂತೆ ಪ್ರತಿಯೊಂದು ಚೀಟಿಗೂ ಮುಂಚಿತವಾಗಿ ಮಂಜೂರಾತಿ ಪಡೆದು ನೋಂದಾಯಿಸಬೇಕು. ಚೀಟಿ ನಡೆಸುವವರು ಚೀಟಿಯ ಮೊತ್ತಕ್ಕೆ ಸಮನಾದ ಭದ್ರತೆಯನ್ನು ಮೊದಲೇ ಇಡಬೇಕು. 2019ರ ತಿದ್ದುಪಡಿಯ ನಂತರ ಅವರ ಕಮಿಷನ್ ಶೇ 7ನ್ನು ಮೀರುವಂತಿಲ್ಲ. ಚೀಟಿ ಎತ್ತಿದವರಿಗೆ ಹಣ ಕೊಡದಿದ್ದರೆ ಚೀಟಿ ನಿಬಂಧಕರೇ ಪಂಚಾಯ್ತಿ ಮಾಡಿ ತೀರ್ಪು ಕೊಡುತ್ತಾರೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ವಠಾರದಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಮಾರುಕಟ್ಟೆಯಲ್ಲಿ ನಂಬಿಕೆಯ ಮೇಲೆ ಹಾಕುವ ಚೀಟಿಗೆ ಈ ಭದ್ರತೆಯೂ ಇಲ್ಲ, ಈ ತೀರ್ಪಿನ ದಾರಿಯೂ ಇಲ್ಲ. ನಡೆಸುವವರು ರಾತ್ರೋರಾತ್ರಿ ಊರು ಬಿಟ್ಟರೆ ಉಳಿಯುವುದು ಪೊಲೀಸ್ ಠಾಣೆಯ ದೂರು ಒಂದೇ.

ಎಲ್ಲಕ್ಕಿಂತ ಅಪಾಯದ್ದು ಯಾರ ಪರವಾನಗಿಯೂ ಇಲ್ಲದೆ ಹೆಚ್ಚಿನ ಲಾಭದ ಆಸೆ ತೋರಿಸಿ ಹಣ ಸಂಗ್ರಹಿಸುವ ಯೋಜನೆಗಳು. ಚಿನ್ನ, ನಿವೇಶನ, ಕ್ರಿಪ್ಟೊ, ‘ಪಾಲುದಾರಿಕೆ’ ಎಂದು ಹೆಸರು ಬದಲಾಗುತ್ತದೆ. ಹೊಸಬರ ಹಣದಲ್ಲಿ ಹಳಬರಿಗೆ ಬಡ್ಡಿ ಹಂಚುವ ಲೆಕ್ಕ ಬದಲಾಗುವುದಿಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಮೂಹ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಸಿಕ್ಕಿಬಿತ್ತು. ಧರ್ಮಕ್ಕೆ ಒಪ್ಪುವ ಹೂಡಿಕೆ ಎಂಬ ಮಾತಿಗೆ, ತಿಂಗಳು ತಿಂಗಳು ಬರುತ್ತಿದ್ದ ಹಣಕ್ಕೆ ಜನ ಮನಸೋತಿದ್ದರು. ಇಂಥವನ್ನು ತಡೆಯಲು ಎರಡು ಕಾಯ್ದೆಗಳಿವೆ: ಹಣಕಾಸು ಸಂಸ್ಥೆಗಳಲ್ಲಿನ ಠೇವಣಿದಾರರ ಹಿತರಕ್ಷಣೆಗಾಗಿ ಕರ್ನಾಟಕ 2004ರಲ್ಲಿ ಮಾಡಿಕೊಂಡ ಕೆಪಿಐಡಿ ಕಾಯ್ದೆ, ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆ. ಎರಡರಲ್ಲೂ ಸಕ್ಷಮ ಪ್ರಾಧಿಕಾರ ಸಂಸ್ಥೆಯ ಆಸ್ತಿ ಮುಟ್ಟುಗೋಲು ಹಾಕಿ, ವಿಶೇಷ ನ್ಯಾಯಾಲಯದ ಮೂಲಕ ಮಾರಿ, ಹಣ ಹಂಚುತ್ತದೆ. ಕೇಂದ್ರ ಕಾಯ್ದೆಯಲ್ಲಿ ಅಂಥ ಠೇವಣಿ ಪಡೆದವರಿಗೆ 7 ವರ್ಷದವರೆಗೆ, ವಂಚಿಸಿ ಹಿಂದಿರುಗಿಸದವರಿಗೆ 10 ವರ್ಷದವರೆಗೆ ಸೆರೆವಾಸವಿದೆ. ಕಮಿಷನ್ನಿಗಾಗಿ ನೆಂಟರನ್ನು, ನೆರೆಯವರನ್ನು ಸೇರಿಸಿದವರೂ ಶಿಕ್ಷೆಗೆ ಒಳಗಾಗುತ್ತಾರೆ. ಕಾನೂನು ಗಟ್ಟಿಯಾಗಿದೆ, ಆದರೆ ಅದು ಕೈಹಾಕುವ ಹೊತ್ತಿಗೆ ಹಣದ ದೊಡ್ಡ ಪಾಲು ಕರಗಿರುತ್ತದೆ. ಯಾರಾದರೂ ಹೀಗೆ ಹಣ ಕೇಳುತ್ತಿದ್ದರೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲಿನಲ್ಲಿ ಆ ಸಂಸ್ಥೆಗೆ ಅನುಮತಿ ಇದೆಯೇ ಎಂದು ನೋಡಬಹುದು, ಅಲ್ಲೇ ದೂರನ್ನೂ ದಾಖಲಿಸಬಹುದು. ಠೇವಣಿ ಪಡೆಯಲು ಅನುಮತಿಯಿರುವ ಹಣಕಾಸು ಕಂಪನಿ ಕೂಡ ವರ್ಷಕ್ಕೆ ಶೇ 12.5ಕ್ಕಿಂತ ಹೆಚ್ಚು ಬಡ್ಡಿ ಕೊಡುವಂತಿಲ್ಲ. ತಿಂಗಳಿಗೆ ಶೇ 3, ಶೇ 5 ಎಂದು ಹೇಳುವವರ ಬಳಿ ಮುಂದಿನ ಮಾತೇ ಬೇಡ.

ಸಾಲ ಪಡೆದವರ ಹಕ್ಕುಗಳು

ಸಾಲಗಾರರಿಗೂ ಹಕ್ಕುಗಳಿವೆ ಎಂಬುದು ನಮ್ಮ ಸಮಾಜದಲ್ಲಿ ಇನ್ನೂ ಪೂರ್ತಿ ಬೇರೂರಿಲ್ಲ. ಸಾಲ ಎಂದರೆ ತಲೆತಗ್ಗಿಸಿ ನಿಲ್ಲುವುದೆಂದೇ ಹಲವರು ತಿಳಿದಿದ್ದಾರೆ. ನಿಯಮಗಳು ಹಾಗೆ ಹೇಳುವುದಿಲ್ಲ.

2024ರ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಸಾಲ ಕೊಡುವಾಗ ‘ಕೆಎಫ್‌ಎಸ್’ ಎಂಬ ಮುಖ್ಯಾಂಶಗಳ ಪತ್ರ ಕೊಡಲೇಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು. ಬಡ್ಡಿ, ಸಂಸ್ಕರಣಾ ಶುಲ್ಕ, ವಿಮೆಯ ಕಂತು ಎಲ್ಲ ಸೇರಿಸಿದ ವಾರ್ಷಿಕ ವೆಚ್ಚದ ದರ ಅದರಲ್ಲಿ ಕಾಣುತ್ತದೆ. ಎರಡು ಕಂಪನಿಗಳನ್ನು ಹೋಲಿಸಲು ನೋಡಬೇಕಾದ್ದು ಈ ದರವನ್ನು. ಪತ್ರದಲ್ಲಿ ಬರೆಯದ ಶುಲ್ಕವನ್ನು ಆಮೇಲೆ ಸಾಲಗಾರರ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಕಂತು ತಪ್ಪಿದರೆ ದಂಡ ಶುಲ್ಕ ವಿಧಿಸಬಹುದು, ಆದರೆ ಅದನ್ನು ಬಡ್ಡಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಬದಲಾಗುವ ಬಡ್ಡಿದರದ ಮನೆಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಕಟ್ಟಬೇಕಿಲ್ಲ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮನೆ, ಜಮೀನಿನ ಮೂಲಪತ್ರಗಳು ಕೈಸೇರಬೇಕು. ಸಂಸ್ಥೆಯ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಂಸ್ಥೆಯೇ ಪರಿಹಾರ ಕೊಡಬೇಕು.

ಸ್ತ್ರೀಯರ ಗುಂಪುಗಳಿಗೆ ಕೊಡುವ ಕಿರುಸಾಲಕ್ಕೆ 2022ರ ಏಪ್ರಿಲ್‌ನಿಂದ ಪ್ರತ್ಯೇಕ ನಿಯಮಗಳಿವೆ. ವಾರ್ಷಿಕ ಆದಾಯ ಮೂರು ಲಕ್ಷದವರೆಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಕಂತು ವಸೂಲಿ ಮೊದಲೇ ಗೊತ್ತುಮಾಡಿದ ಜಾಗದಲ್ಲಿ ನಡೆಯಬೇಕು. ಸತತ ಎರಡು ಬಾರಿ ಅಲ್ಲಿಗೆ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವುದು, ಬೈಯುವುದು, ನೆಂಟರಿಗೆ ಓಣಿಯವರಿಗೆ ಹೇಳಿ ಮಾನ ಕಳೆಯುವುದು ನಿಷಿದ್ಧ. ಬೇರೆ ಸಾಲಗಳಲ್ಲಿ ಕರೆ ಮಾಡಬಹುದಾದ ಸಮಯ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ.

ನಿಯಮ ಇದ್ದೂ 2025ರ ಆರಂಭದಲ್ಲಿ ಚಾಮರಾಜನಗರ, ರಾಮನಗರ, ಹಾವೇರಿ ಮೊದಲಾದ ಜಿಲ್ಲೆಗಳಿಂದ ವಸೂಲಿಯ ಕಿರುಕುಳಕ್ಕೆ ಹೆದರಿ ಜನ ಊರು ಬಿಟ್ಟ ಸುದ್ದಿಗಳು ಬಂದವು. ಆಗ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನು ಕಾಯ್ದೆ ಮಾಡಿತು. ಸಾಲ ಕೊಡುವವರು ಜಿಲ್ಲಾಧಿಕಾರಿಯವರಲ್ಲಿ ನೋಂದಾಯಿಸಿಕೊಳ್ಳಬೇಕು, ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ ಮತ್ತು 5 ಲಕ್ಷದವರೆಗೆ ದಂಡ ವಿಧಿಸಬಹುದು. ಈ ಕಾಯ್ದೆಯ ಗುರಿ ಮುಖ್ಯವಾಗಿ ನೋಂದಣಿಯಿಲ್ಲದ ಲೇವಾದೇವಿದಾರರು, ಮೀಟರ್ ಬಡ್ಡಿಯವರು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಯ ಮೇಲಿನ ದೂರು ರಿಸರ್ವ್ ಬ್ಯಾಂಕಿಗೇ ಹೋಗಬೇಕು. ಈ ಭೇದ ಗೊತ್ತಿಲ್ಲದೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಸೋತವರಿದ್ದಾರೆ.

ಮೊಬೈಲ್ ಆ್ಯಪ್ ಸಾಲದಲ್ಲಿ ಹಣ ನೇರವಾಗಿ ಸಾಲಗಾರರ ಬ್ಯಾಂಕ್ ಖಾತೆಗೇ ಬರಬೇಕು. ಆ್ಯಪ್ ಫೋನಿನ ಸಂಪರ್ಕ ಪಟ್ಟಿ, ಫೋಟೊಗಳನ್ನು ಮುಟ್ಟುವಂತಿಲ್ಲ. ಅವಕ್ಕೆ ಅನುಮತಿ ಕೇಳಿದ ಆ್ಯಪನ್ನು ಆ ಕ್ಷಣವೇ ತೆಗೆದುಹಾಕುವುದು ಲೇಸು. ಚಿನ್ನದ ಸಾಲದಲ್ಲಿ ತೂಕ, ಶುದ್ಧತೆಯ ಪರೀಕ್ಷೆ ಸಾಲಗಾರರ ಎದುರಿನಲ್ಲೇ ನಡೆಯಬೇಕು ಎಂಬುದನ್ನು ಮರೆಯಬಾರದು.

ಖಾತೆಯಿಂದ ಹಣ ಹೋದಾಗ

ಇಲ್ಲಿ ದಿನಗಳ ಲೆಕ್ಕವೇ ನಿರ್ಣಾಯಕ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ರೂಪಿಸಿದ ನಿಯಮ ಹೀಗಿದೆ. ಬ್ಯಾಂಕಿನ ತಪ್ಪಿನಿಂದ ಹಣ ಹೋಗಿದ್ದರೆ ಗ್ರಾಹಕರಿಗೆ ಯಾವ ಹೊಣೆಯೂ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮೂರನೆಯವರ ಕೈವಾಡ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಪೂರ್ತಿ ಹಣ ಹಿಂದಿರುಗಬೇಕು. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯವರ ನಷ್ಟ 10,000 ರೂಪಾಯಿ ಮೀರುವುದಿಲ್ಲ. ಏಳು ದಿನ ಕಳೆದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯೇ ನಿರ್ಧಾರಕ. ದೂರು ಬಂದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳಲ್ಲಿ ಪ್ರಕರಣ ಮುಗಿಸಬೇಕು. ತಪ್ಪು ಗ್ರಾಹಕರದೆಂದು ಸಾಬೀತುಪಡಿಸುವ ಹೊರೆ ಬ್ಯಾಂಕಿನ ಮೇಲಿದೆ.

ಒಟಿಪಿ, ಪಿನ್ ಯಾರಿಗಾದರೂ ಹೇಳಿ ಹಣ ಕಳೆದುಕೊಂಡರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದೇ. ತಿಳಿಸಿದ ಮೇಲೆ ನಡೆದ ನಷ್ಟ ಬ್ಯಾಂಕಿನದು. ಅಂದರೆ ಮೋಸಹೋದ ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದರೂ ಆ ರಾತ್ರಿಯ ನಷ್ಟ ಖಾತೆದಾರರ ತಲೆಗೇ ಬರುತ್ತದೆ. ಮಕ್ಕಳು ಬೈದಾರು ಎಂದು ಮುಚ್ಚಿಡುವ ಹಿರಿಯರು ಮನೆಮನೆಯಲ್ಲಿದ್ದಾರೆ. ಅವರಿಗೆ ಧೈರ್ಯ ಹೇಳುವುದು ಮನೆಯವರ ಮೊದಲ ಕರ್ತವ್ಯ. ಬ್ಯಾಂಕಿಗೆ ತಿಳಿಸುವ ಜೊತೆಗೇ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ಕರೆ ಮಾಡಿದರೆ ವಂಚಕರ ಖಾತೆಯಲ್ಲಿ ಹಣ ಇನ್ನೂ ಉಳಿದಿರುವಾಗಲೇ ಅದನ್ನು ತಡೆಹಿಡಿಯಲು ಸಾಧ್ಯ. ‘ಡಿಜಿಟಲ್ ಅರೆಸ್ಟ್’ ಎಂಬ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೋರಿಸಿ ಹಣ ಕೇಳುವವರು ವಂಚಕರೇ. ಬ್ಯಾಂಕಿನ ಜಾಲತಾಣದ ವಿಳಾಸವನ್ನೂ ಗಮನಿಸಬಹುದು: ಭಾರತದ ಬ್ಯಾಂಕುಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಲು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು.

ಎಟಿಎಮ್ಮಿನಲ್ಲಿ ನೋಟು ಬಾರದೆ ಖಾತೆಯಲ್ಲಿ ಮಾತ್ರ ಹಣ ಕಡಿತವಾಗಿದ್ದರೆ ಐದು ದಿನದೊಳಗೆ ಅದು ವಾಪಸಾಗಬೇಕು. ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ಕೇಳದೆಯೇ ಬರಬೇಕು.

ವಿಮೆ, ಷೇರು

ವಿಮೆಯಲ್ಲಿ ಹೆಚ್ಚಿನ ಜಗಳಕ್ಕೆ ಬೀಜ ಬೀಳುವುದು ಪಾಲಿಸಿ ಮಾರುವ ದಿನ. ಎಫ್‌ಡಿ ಮಾಡಿಸಲು ಬಂದ ಹಿರಿಯರಿಗೆ ವರ್ಷ ವರ್ಷ ಕಂತು ಕಟ್ಟಬೇಕಾದ ಪಾಲಿಸಿ ಕೊಡುವುದು, ಸಾಲದ ಜೊತೆ ವಿಮೆ ಕಡ್ಡಾಯವೆಂದು ಹೇಳುವುದು ಬಹಳ ಕಡೆ ನಡೆಯುತ್ತಿದೆ. ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಕಾರಣ ಏನೇ ಇರಲಿ ಅದನ್ನು ಹಿಂದಿರುಗಿಸಬಹುದು. ಸಣ್ಣಪುಟ್ಟ ಖರ್ಚು ಕಳೆದು ಕಂತಿನ ಹಣ ವಾಪಸು ಬರುತ್ತದೆ. ಪತ್ರ ಬಂದ ವಾರದಲ್ಲೇ ಕಂತು ಕಟ್ಟಬೇಕಾದ ವರ್ಷಗಳು, ಅವಧಿ, ಅರ್ಜಿಯಲ್ಲಿ ಬರೆದ ಆರೋಗ್ಯದ ವಿವರ ಇವನ್ನು ಓದಿ ನೋಡಬೇಕು. ಜೀವವಿಮೆ ಮೂರು ವರ್ಷ ದಾಟಿದ ಮೇಲೆ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲವೆಂದು ವಿಮಾ ಕಾಯ್ದೆಯ 45ನೇ ಪ್ರಕರಣ ಹೇಳುತ್ತದೆ. ಆರೋಗ್ಯ ವಿಮೆಯನ್ನು ಸತತ 60 ತಿಂಗಳು ನಡೆಸಿದ ಮೇಲೆ ಹಳೆಯ ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮು ತಳ್ಳುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಇದಕ್ಕೆ ವಿನಾಯಿತಿ.

ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಬರೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. 50 ಲಕ್ಷದವರೆಗಿನ ವಿವಾದಗಳನ್ನು ಅದು ತೀರ್ಮಾನಿಸುತ್ತದೆ. ತೀರ್ಪಿಗೆ ಕಂಪನಿ ಬದ್ಧ. ಗ್ರಾಹಕರಿಗೆ ತೃಪ್ತಿಯಾಗದಿದ್ದರೆ ಮುಂದಿನ ದಾರಿ ತೆರೆದೇ ಇರುತ್ತದೆ.

ಷೇರುಪೇಟೆಯಲ್ಲಿ ಬೆಲೆ ಇಳಿದು ಆದ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ. ಸೆಬಿ ತಡೆಯುವುದು ಮೋಸವನ್ನು. ಸಲಹೆ ಕೊಡುವವರ ಸೆಬಿ ನೋಂದಣಿ ಸಂಖ್ಯೆ ‘ಐಎನ್‌ಎ’, ಸಂಶೋಧನಾ ವಿಶ್ಲೇಷಕರದು ‘ಐಎನ್‌ಎಚ್’, ದಲ್ಲಾಳಿಗಳದು ‘ಐಎನ್‌ಜೆಡ್’ ಎಂದು ಶುರುವಾಗುತ್ತದೆ. ಆ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ಹುಡುಕಿ ಹೆಸರು ಹೊಂದುತ್ತದೆಯೇ ಎಂದು ನೋಡಬೇಕು. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಖಚಿತ ಲಾಭದ ಭರವಸೆ ಕೊಡುವವರು ನೋಂದಣಿ ಹೊಂದಿದ್ದರೂ ನಿಯಮ ಮುರಿದಂತೆಯೇ. ದೂರಿಗೆ ‘ಸ್ಕೋರ್ಸ್’ ಪೋರ್ಟಲ್ ಇದೆ, ಸಂಸ್ಥೆ 21 ದಿನದಲ್ಲಿ ಉತ್ತರಿಸಬೇಕು.

ದೂರಿನ ದಾರಿ

ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಶಾಖೆಯ ಮ್ಯಾನೇಜರ್ ಎಷ್ಟೇ ಪರಿಚಯದವರಾದರೂ ದೂರನ್ನು ಬರೆದು ಕೊಟ್ಟು, ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಇಮೇಲ್ ಆದರೂ ಸರಿ, ದೂರಿನ ಸಂಖ್ಯೆ ಬೇಕು. ಮುಂದಿನ ಎಲ್ಲ ಗಡುವುಗಳೂ ಆ ದಿನಾಂಕದಿಂದಲೇ ಎಣಿಕೆಯಾಗುತ್ತವೆ. ಏನು ನಡೆಯಿತು, ಯಾವ ದಿನ, ಎಷ್ಟು ಹಣ, ಏನು ಪರಿಹಾರ ಬೇಕು ಎಂಬ ನಾಲ್ಕು ಮಾತು ಒಂದೇ ಪುಟದಲ್ಲಿ ಬಂದರೆ ಸಾಕು.

ಬ್ಯಾಂಕು, ಹಣಕಾಸು ಕಂಪನಿ, ವ್ಯಾಲೆಟ್ ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ, ತೃಪ್ತಿಕರವಾಗಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 1995ರಲ್ಲಿ ಬ್ಯಾಂಕುಗಳಿಗಷ್ಟೇ ಇದ್ದ ಈ ವ್ಯವಸ್ಥೆಯನ್ನು 2021ರ ನವೆಂಬರ್ 12ರಿಂದ ಎಲ್ಲಕ್ಕೂ ಒಂದೇ ಮಾಡಲಾಯಿತು. ದೂರನ್ನು ಸಿಎಂಎಸ್ ಪೋರ್ಟಲಿನಲ್ಲಿ ಹಾಕಬಹುದು. ಕಂಪ್ಯೂಟರ್ ಬಳಸಲಾಗದವರು ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 2021ರ ಯೋಜನೆಯಲ್ಲಿ ನಷ್ಟಕ್ಕೆ 20 ಲಕ್ಷದವರೆಗೆ, ಅಲೆದಾಟ ಮತ್ತು ಮಾನಸಿಕ ಯಾತನೆಗೆ ಒಂದು ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ. ಸಾಲ ಕೊಡಲಿಲ್ಲ ಎಂಬಂಥ ಬ್ಯಾಂಕಿನ ವ್ಯಾಪಾರದ ತೀರ್ಮಾನಗಳು, ಆಗಲೇ ನ್ಯಾಯಾಲಯದಲ್ಲಿರುವ ವಿಷಯಗಳು ಇಲ್ಲಿ ನಡೆಯುವುದಿಲ್ಲ. ಸಂಸ್ಥೆಗೆ ಮೊದಲು ಬರೆಯದೆ ನೇರವಾಗಿ ಇಲ್ಲಿಗೆ ಬಂದ ದೂರೂ ತಿರಸ್ಕಾರವಾಗುತ್ತದೆ.

ಸಾಲದ ಚರಿತ್ರೆಯ ವರದಿಯಲ್ಲಿ ತಪ್ಪಿದ್ದರೆ ದೂರು ಕೊಟ್ಟ 30 ದಿನದಲ್ಲಿ ಸರಿಪಡಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ವರದಿ ತಯಾರಿಸುವ ಸಿಬಿಲ್ ಮೊದಲಾದ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮನೆಸಾಲಕ್ಕೆ ಅರ್ಜಿ ಹಾಕುವ ಕೆಲವು ತಿಂಗಳು ಮುಂಚೆಯೇ ಅದನ್ನು ತರಿಸಿ ನೋಡುವುದು ಒಳ್ಳೆಯದು.

ತೀರಿಹೋದವರ ಖಾತೆಯ ಹಣ ಹುಡುಕುವ ಕುಟುಂಬಗಳಿಗಾಗಿ 2023ರಲ್ಲಿ ‘ಉದ್ಗಮ್’ ಪೋರ್ಟಲ್ ಬಂದಿದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರರ ಹಕ್ಕು ಅಳಿಯುವುದಿಲ್ಲ. ಆಯಾ ಬ್ಯಾಂಕಿನಲ್ಲೇ ಅರ್ಜಿ ಕೊಟ್ಟು ಪಡೆಯಬಹುದು. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು.

ಈ ಎಲ್ಲ ದಾರಿಗಳ ಆಚೆಗೆ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬ್ಯಾಂಕಿಂಗ್, ವಿಮೆ, ಹಣಕಾಸು ಸೇವೆಗಳನ್ನು ಹೆಸರಿಸಿಯೇ ಸೇರಿಸಲಾಗಿದೆ. ಸೇವೆಗಾಗಿ ಕೊಟ್ಟ ಮೊತ್ತ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಪ್ರಕರಣ ನಡೆಯುತ್ತದೆ, ತಮ್ಮ ವಾದವನ್ನು ತಾವೇ ಮಂಡಿಸಬಹುದು. ದೂರು ಕೊಡುವ ಅವಧಿ ತೊಂದರೆ ನಡೆದ ದಿನದಿಂದ ಎರಡು ವರ್ಷ. ಅದನ್ನು ಮೀರಿದರೆ ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟು ಆಯೋಗವನ್ನು ಒಪ್ಪಿಸಬೇಕಾಗುತ್ತದೆ.